ಪದಚರ್ಚೆ: ‘ಮಾಸ್ಟರಿಂಗ್’ಗೆ ಕನ್ನಡ ಪದ (ಇವತ್ತು ಸಂಜೆಯೊಳಗೆ ಬೇಕು)

ದಾವಣಗೆರೆಯಿಂದ:
ಪಿ.ಜೆ. ಬಡಾವಣೆಯ ಒಂದು ರೆಕಾರ್ಡಿಂಗ್ ಸ್ಟುಡಿಯೋ ಬೋರ್ಡಿಗೆ ಪದ ಬೇಕಾಗಿದೆ. ಆರು ಗಂಟೆಗೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತೆ. ಈಗಿರೋ ಸಾಲು ‘ಮೊಬೈಲ್ ಸ್ಪೀಕರಿಗೆ ತಕ್ಕ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್’. ಮಾಲೀಕರಿಗೆ ಪೂರ್ತಿ ಕನ್ನಡ ಬೇಕಂತೆ. ಮಿಕ್ಸಿಂಗಿಗೆ ‘ಮಿಶ್ರಣ’ ಹಾಕಿದೀನಿ. ಮಾಸ್ಟರಿಂಗಿಗೆ (ಹಾಡು ಹೊರಗೆ ಹೋಗೋ ಮುಂಚಿನ ಕೊನೆಯ ತಿದ್ದುಪಡಿ) ಯಂತ್ರಾನುವಾದ ‘ಪಾಂಡಿತ್ಯ’ ಅಂತ ಕೊಟ್ಟಿದೆ, ಅದೊಂದು ಬೇಡ.

ಹರಿಹರದಿಂದ:
‘ಹದ’. ದೋಸೆ ಹಿಟ್ಟಿಗಿದೆ, ಹೊಲಕ್ಕಿದೆ, ಹಾಡಿಗೂ ಇರಲಿ.

ಚಿತ್ರದುರ್ಗದಿಂದ:
‘ಮಿಶ್ರಣ’ ಗೊಬ್ಬರದ ಚೀಲಕ್ಕೆ ಸರಿ. ‘ದನಿಬೆರಕೆ’ ಅನ್ನಿ. ಇನ್ನು ಮಾಸ್ಟರ್ ಅಂದರೆ ಪಂಡಿತನೂ ಅಲ್ಲ, ಹದವೂ ಅಲ್ಲ. ಗ್ರಾಮಫೋನ್ ಕಾಲದಲ್ಲಿ ಮೊದಲು ಒಂದು ಮಾಸ್ಟರ್ ತಟ್ಟೆ ಕೊರೆದು, ಅದರಿಂದ ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ಲೇಟು ಒತ್ತುತ್ತಿದ್ದರು. ಆದ್ದರಿಂದ ‘ಅಚ್ಚುಗೆಯ್ಮೆ’. ಈ ಅಚ್ಚು ನಮ್ಮದೇ ಪದ. ಗಾಡಿಯ ಅಚ್ಚು ‘ಅಕ್ಷ’ದ ತದ್ಭವ, ಅದು ಬೇರೆ, ಎರಡನ್ನೂ ಒಂದೇ ಮಾಡಬೇಡಿ.

ದಾವಣಗೆರೆಯಿಂದ:
ಸಾರ್, ‘ಬೆರಕೆ’ ಅಂತ ಬೋರ್ಡ್ ಹಾಕಿದರೆ ಎಣ್ಣೆ ಅಂಗಡಿಯವರೇ ಹೆದರ್ತಾರೆ. ‘ಅಚ್ಚುಗೆಯ್ಮೆ’ ಅಂದರೆ ಮದುವೆ ಕಾರ್ಡ್ ಹಿಡ್ಕೊಂಡು ಬರ್ತಾರೆ.

ಹಿರಿಯೂರಿನಿಂದ:
ಕೆಲಸ ಏನು ಅಂತ ನೋಡದೆ ಪದ ಕಟ್ಟುತ್ತಿದ್ದೀರಿ. ಮಿಕ್ಸಿಂಗಿನಲ್ಲಿ ಗಾಯಕರು, ಡೊಳ್ಳು, ಕೀಬೋರ್ಡು ಬೇರೆ ಬೇರೆ ಟ್ರ್ಯಾಕಾಗಿ ಕೈಯಲ್ಲಿರುತ್ತವೆ. ಮಾಸ್ಟರಿಂಗಿಗೆ ಬರುವುದು ಎಲ್ಲ ಸೇರಿಹೋದ ಒಂದೇ ಫೈಲು. ಪದ ಈ ವ್ಯತ್ಯಾಸ ಹೇಳಬೇಕು. ‘ಹದ’ ಎರಡಕ್ಕೂ ಸಲ್ಲುತ್ತೆ, ತೊಂದರೆಯೇ ಅದು.

ಮೊಬೈಲಿನ ವಿಷಯದಲ್ಲಂತೂ ಇದು ಮುಖ್ಯ. ಡೊಳ್ಳಿನ ಗುಂ ಅನ್ನೋ ದನಿ ಹೆಚ್ಚಾಗಿ 100 ಹರ್ಟ್ಸಿಗಿಂತ ಕೆಳಗೆ. ಫೋನಿನ ಸ್ಪೀಕರು 200ರ ಕೆಳಗೆ ಹೆಚ್ಚುಕಡಿಮೆ ಮೂಕ. ಉಳಿಯೋದು 2ರಿಂದ 4 ಕಿಲೋಹರ್ಟ್ಸಿನ ಕೋಲಿನ ಟಕ್ ಟಕ್ ಮಾತ್ರ. ಆಗ ಮಾಸ್ಟರಿಂಗಿನಲ್ಲಿ 60 ಹರ್ಟ್ಸಿನ ಬೇಸು ಏರಿಸಿದಿರೋ ಕೆಟ್ಟಿತು: ಆ ಬೇಸು ಫೋನಲ್ಲಿ ಕೇಳಲ್ಲ, ಲಿಮಿಟರಿಗೆ (ದನಿ ಮಿತಿ ಮೀರದಂತೆ ತಡೆಯೋ ಸಾಧನ) ಮಾತ್ರ ಕೇಳುತ್ತೆ. ಪ್ರತಿ ಏಟಿಗೂ ಲಿಮಿಟರು ಇಡೀ ಹಾಡನ್ನ ಅದುಮಿ, ಗಾಯಕರ ದನಿ ಮುಳುಗಿ ಏಳುತ್ತೆ.

ಮಾಡಬೇಕಾದ್ದು ಮಿಕ್ಸಿಂಗಿನಲ್ಲಿ. ಡೊಳ್ಳಿನ ಟ್ರ್ಯಾಕಿನ ನಕಲು ತೆಗೆದು ಅದಕ್ಕೆ ಸ್ಯಾಚುರೇಷನ್ (ದನಿಯನ್ನ ತುಸು ಒರಟು ಮಾಡೋ ಎಫೆಕ್ಟ್) ಹಾಕಿ, 150ರ ಕೆಳಗೆ ಕತ್ತರಿಸಿ, ಮೂಲದ ಅಡಿಗೆ ಮೆಲ್ಲಗೆ ಸೇರಿಸಿ. 60ರ ದನಿಗೆ 120, 180, 240, 300ರಲ್ಲಿ ಹಾರ್ಮೋನಿಕ್ಸ್ (ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ದನಿಗಳು) ಹುಟ್ಟುತ್ತವೆ. ಮೇಲಿನವು ಕೇಳಿದರೆ ಸಾಕು, ಇಲ್ಲದ 60ನ್ನ ಕಿವಿ ತಾನೇ ತುಂಬಿಕೊಳ್ಳುತ್ತೆ. ಫೋನಲ್ಲಿ ಡೊಳ್ಳಿಗೆ ಮೈ ಬಂತು, ದೊಡ್ಡ ಸ್ಪೀಕರಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ ಅಂದರೆ ಅಳತೆ ಸರಿ. ಆಮೇಲೆ ಮೋನೋದಲ್ಲಿ (ಎಡಬಲ ಎರಡನ್ನೂ ಒಂದಾಗಿ ಸೇರಿಸಿ) ಕೇಳಿ. ಎಡಬಲ ಅಗಲ ಮಾಡಿದ ಕೋರಸ್ಸು ಎಷ್ಟೋ ಸಲ ಅಲ್ಲಿ ಫೇಸ್ ಹೊಡೆದಾಡಿಕೊಂಡು (ಎಡಬಲದ ಅಲೆಗಳು ಒಂದನ್ನೊಂದು ಅಳಿಸಿ) ಮಾಯವಾಗಿರುತ್ತೆ. ಸ್ಟೀರಿಯೋ ಅನ್ನೋ ಫೋನುಗಳಲ್ಲೂ ಹೆಚ್ಚಿನವುಗಳಲ್ಲಿ ಎರಡನೆಯ ಸ್ಪೀಕರು ಕಿವಿಗಿಟ್ಟುಕೊಳ್ಳುವ ಸಣ್ಣದೇ. ಮುಖ್ಯವಾದದ್ದು ನಡುವೆಯೇ ಇರಲಿ.

ಮಾಸ್ಟರಿಂಗಿಗೆ ಉಳಿಯೋದು ಕಡಿಮೆ. ಒಟ್ಟು ಸಮತೋಲ, ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳೋ ಜೋರಿನ ಅಳತೆ) ಆಸುಪಾಸಿನ ಜೋರು (ಅದಕ್ಕಿಂತ ಜೋರಾದ್ದನ್ನ ಯೂಟ್ಯೂಬು ತಾನೇ ಇಳಿಸುತ್ತೆ), ಟ್ರೂ ಪೀಕ್ (ದನಿಯ ಅಲೆಯ ಅತಿ ಎತ್ತರದ ತುದಿ) ಮೈನಸ್ 1 ಡಿಬಿ. ಸೊನ್ನೆ ಡಿಬಿಗೆ (ಡಿಜಿಟಲ್ಲಿನ ಮೇಲ್ಮಿತಿ) ತಾಗಿಸಿ ಕಳಿಸಿದರೆ ಎಎಸಿಗೆ (ಕುಗ್ಗಿಸಿದ ಫೈಲಿನ ರೂಪ) ಬದಲಾಗುವಾಗ ಪೀಕು ಸೊನ್ನೆ ದಾಟಿ ಒಡೆಯುತ್ತೆ.

ಪದ ‘ಮಾಸ್ಟರಿಂಗ್’ ಅಂತಲೇ ಇರಲಿ.

ಚಿತ್ರದುರ್ಗದಿಂದ:
ಪಾಠ ಚೆನ್ನಾಗಿತ್ತು. ಪದ ಎಲ್ಲಿ? ‘ಇರಲಿ’ ಅನ್ನೋದು ಸೋಮಾರಿಗಳ ವ್ಯಾಕರಣ.

ಹರಿಹರದಿಂದ:
ದಾವಣಗೆರೆ ಬೆಳೆದದ್ದು ‘ಮಿಲ್ಲು’ ಅನ್ನೋ ಪದದ ಮೇಲೆ, ‘ಅರಳೆಮನೆ’ ಅಂತ ಯಾರೂ ಬೋರ್ಡ್ ಹಾಕಲಿಲ್ಲ. ಮಂಡಕ್ಕಿ ಭಟ್ಟಿಯ ‘ಭಟ್ಟಿ’ ಬಡಗಣದಿಂದ ಬಂದದ್ದು. ‘ಮೇಸ್ತ್ರಿ’ ಪೋರ್ಚುಗೀಸರದು, ಮಾಸ್ಟರಿನ ದಾಯಾದಿಯೇ. ಶಾಲೆಯ ಮೇಷ್ಟ್ರೂ ಅದೇ ವಂಶ. ಹಾಗೆ ನೋಡಿದರೆ ‘ದುರ್ಗ’ವೇ ಸಂಸ್ಕೃತ. ಮೊದಲು ನಿಮ್ಮ ಊರಿನ ಬೋರ್ಡ್ ಬದಲಾಯಿಸಿ.

ಚಿತ್ರದುರ್ಗದಿಂದ:
ನಾವು ಕಲ್ಲಿನಕೋಟೆ ಅಂತೀವಿ.

ದಾವಣಗೆರೆಯಿಂದ:
ಬೋರ್ಡ್ ಹೋಯ್ತು. ‘ಮೊಬೈಲಿಗೆ ಒಪ್ಪುವ ಮಿಕ್ಸಿಂಗ್, ಮಾಸ್ಟರಿಂಗ್’, ಕೆಳಗೆ ಸಣ್ಣಕ್ಷರದಲ್ಲಿ ‘ಹಾಡಿನ ಕೊನೆಯ ಹದ’. ‘ಕೊನೆಯ’ ಸೇರಿಸಿದ್ದು ಹಿರಿಯೂರಿನವರ ಆಕ್ಷೇಪಣೆಗಾಗಿ. ಇನ್ನೊಂದು: ಗಿರಾಕಿಗಳಿಗೆ ಕೊಡೋ ಕರಪತ್ರದಲ್ಲಿ ಹಾರ್ಮೋನಿಕ್ಸ್‌ಗೆ ಏನು ಬರೀಲಿ?

ಚಿತ್ರದುರ್ಗದಿಂದ:
‘ಮರಿದನಿ’.

ಹರಿಹರದಿಂದ:
ಹುಟ್ಟಿಸೋದು ಯಾಕೆ, ಪದ ಇದೆಯಲ್ಲ. ತಂಬೂರಿಯ ಷಡ್ಜದ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರ ಕೇಳುತ್ತೆ. ಅದಕ್ಕೆ ಸಂಗೀತದವರು ಸ್ವಯಂಭೂ ಸ್ವರ ಅಂತಾರೆ.

ಹಿರಿಯೂರಿನಿಂದ:
ತಂಬೂರಿಯಲ್ಲಿ ಅದು ತಾನಾಗಿ ಹುಟ್ಟುತ್ತೆ ಸ್ವಾಮಿ. ಸ್ಯಾಚುರೇಷನ್ ಹಾಕಿ ಹುಟ್ಟಿಸಿದ್ದನ್ನ ಸ್ವಯಂಭೂ ಅಂತ ಹೆಂಗಂತೀರಿ?