ಜರ್ಮನಿಯಲ್ಲಿ ಎರಡು ರಾತ್ರಿ ಬೇರೆಯವರ ಮನೆಯಲ್ಲಿ: ಹೋಗಿ ಬಂದವರು ಹೇಳಿ

ಕೇಳಿದ್ದು, ಸುರತ್ಕಲ್‌ನಿಂದ:

ಸೆಪ್ಟೆಂಬರ್ ಕೊನೆಗೆ ಎಕ್ಸ್‌ಚೇಂಜ್‌ನಲ್ಲಿ ಒಂದು ಸೆಮಿಸ್ಟರ್ ಟ್ಯೂಬಿಂಗನ್‌ಗೆ ಹೋಗ್ತಿದ್ದೇನೆ. ಮೊದಲ ವಾರಾಂತ್ಯವೇ ಪಕ್ಕದ ಹಳ್ಳಿಯ ಒಂದು ಮನೆಯಲ್ಲಿ ಇರ್ಲಿಕ್ಕೆ ಉಂಟು, ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ. ಗಂಡ, ಹೆಂಡತಿ, ಒಬ್ಬರು ಅಜ್ಜ. ಹಾಸ್ಟೆಲ್ ಆದ್ರೆ ನನಗೆ ಹೆದರಿಕೆ ಇಲ್ಲ, ಗುರುತು ಪರಿಚಯ ಇಲ್ಲದವರ ಮನೆ ಅಂದ್ರೆ ಕೈಕಾಲು ಆಡುದಿಲ್ಲ. ನಾನು ವೆಜ್. ಎಂತ ತೆಗೊಂಡು ಹೋಗುದು, ಎಂತ ಮಾಡ್ಬಾರ್ದು? ಬೇಗ ಹೇಳಿ, ಅಮ್ಮ ಅರ್ಧ ಸೂಟ್‌ಕೇಸ್ ತುಂಬಿಸಿ ಆಯ್ತು.

ಕಟಪಾಡಿಯಿಂದ:

ತಂಗಿ, ನಾನು ಅದೇ ಸೀಮೆಗೆ ಹೋಗಿದ್ದೆ, ಸ್ಟುಟ್‌ಗಾರ್ಟ್ ಹತ್ತಿರ. ನನ್ನ ಮೊದಲ ರಾತ್ರಿಯ ಕಥೆ ಕೇಳು. ಏಳು ಗಂಟೆಗೆ ಮೇಜಿನ ಮೇಲೆ ಬ್ರೆಡ್, ಚೀಸ್, ಟೊಮೆಟೊ, ಮುಳ್ಳುಸೌತೆ ಇಟ್ರು. ನಾನು ಇದು ತಿಂಡಿ, ಊಟ ಮತ್ತೆ ಬರ್ತದೆ ಅಂತ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡು ಒಂದೇ ತುಂಡು ತಿಂದೆ. ಅವರು ‘ಇನ್ನೊಂದು?’ ಕೇಳಿದ್ರು. ನಮ್ಮ ಕಡೆ ಹೇಳುವ ಹಾಗೆ ‘ಬೇಡ ಬೇಡ’ ಅಂದೆ. ಅವರು ‘ಸರಿ’ ಅಂತ ಹಲಗೆ ಎತ್ತಿಕೊಂಡು ಒಳಗೆ ಹೋದ್ರು! ಅದೇ ಊಟ ಮಾರಾಯ್ತಿ. ಅಲ್ಲಿ ತುಂಬಾ ಮನೆಗಳಲ್ಲಿ ಬಿಸಿ ಊಟ ಮಧ್ಯಾಹ್ನ ಆಗಿ ಹೋಗ್ತದೆ, ರಾತ್ರಿಗೆ ಬ್ರೆಡ್ಡೇ. ‘ಆಬೆಂಡ್‌ಬ್ರೋಟ್’ ಅಂತಾರೆ, ಸಂಜೆಯ ಬ್ರೆಡ್ ಅಂತಲೇ ಅರ್ಥ. ಹನ್ನೊಂದು ಗಂಟೆಗೆ ಹೊದಿಕೆ ಒಳಗೆ ಶಬ್ದ ಬಾರದ ಹಾಗೆ ಚಕ್ಕುಲಿ ಕಡಿಯುವುದು ಎಷ್ಟು ಕಷ್ಟ ಗೊತ್ತುಂಟಾ?

ಹಾಗಾಗಿ ಬೇಕಾದ್ರೆ ಮೊದಲ ಸಲವೇ ಬೇಕು ಅನ್ನು. ಮೂರು ಸಲ ಒತ್ತಾಯ ಮಾಡುವ ಕ್ರಮ ಅಲ್ಲಿಲ್ಲ. ನೀನು ಬೇಡ ಅಂದ ಮೇಲೆ ಒತ್ತಾಯ ಮಾಡಿದ್ರೆ ನಿನ್ನ ಮಾತಿಗೆ ಬೆಲೆ ಕೊಡ್ಲಿಲ್ಲ ಅಂತ ಅವರ ಲೆಕ್ಕ. ಶನಿವಾರದಿಂದ ನಾನು ನಾಚಿಕೆ ಬಿಟ್ಟು ತಿಂದೆ, ಅವರಿಗೂ ಖುಷಿ ಆಯ್ತು.

ಮತ್ತೆ ವೆಜ್ ಅಂತ ಈಗಲೇ ಮೇಲ್ ಬರಿ, ಬಿಡಿಸಿ ಬರಿ. ಬರೇ ‘ವೆಜಿಟೇರಿಯನ್’ ಅಂದ್ರೆ ಅಲ್ಲಿ ಮೊಟ್ಟೆ ನಡೀತದೆ ಅಂತ ತಿಳ್ಕೊಳ್ತಾರೆ. ಅಲ್ಲಿಯ ‘ಕೇಸ್‌ಷ್ಪೆಟ್ಸ್‌ಲೆ’, ಅಂದ್ರೆ ಚೀಸ್ ಹಾಕಿದ ಶ್ಯಾವಿಗೆ ತರದ್ದು, ಮಾಂಸ ಇಲ್ಲ, ಆದ್ರೆ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ. ‘ಮೌಲ್ಟಾಶನ್’ ಕಂಡ್ರೆ ಕೇಳದೆ ಬಾಯಿಗೆ ಹಾಕ್ಬೇಡ. ನೋಡ್ಲಿಕ್ಕೆ ಚೌಕದ ಕಡುಬಿನ ಹಾಗೆ ಪಾಪ ಇರ್ತದೆ, ಒಳಗೆ ಸೊಪ್ಪಿನ ಜೊತೆ ಮಾಂಸ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಿರಲಿ ಅಂತ ಮಾಂಸವನ್ನು ಹಿಟ್ಟಿನೊಳಗೆ ಅಡಗಿಸಿದ್ರು ಅಂತ ಅವರೇ ನಗಾಡ್ತಾ ಹೇಳ್ತಾರೆ. ದೇವರಿಗೇ ಗೊತ್ತಾಗದ್ದು ನಿನಗೆಲ್ಲಿ ಗೊತ್ತಾಗ್ಬೇಕು?

ಬಿಜೈಯಿಂದ:

ಊಟದ್ದು ಅಕ್ಕ ಹೇಳಿದ್ರು, ನಾನು ಬಚ್ಚಲಿನದ್ದು ಹೇಳ್ತೇನೆ. ಶವರ್ ಇರುವ ಮೂಲೆ ಬಿಟ್ರೆ ಹೆಚ್ಚಿನ ಮನೆಗಳಲ್ಲಿ ಬಾತ್‌ರೂಮ್ ನೆಲದಿಂದ ನೀರು ಹೋಗ್ಲಿಕ್ಕೆ ತೂತೇ ಇರುದಿಲ್ಲ. ನಾನು ನಮ್ಮ ಮನೆಯ ಅಂದಾಜಿನಲ್ಲಿ ಪರದೆ ಎಳೆಯದೆ ಧಾರಾಳ ಸ್ನಾನ ಮಾಡಿದೆ. ಬಾಗಿಲಿನಡಿಯಿಂದ ನೀರು ಹೊರಗೆ ಹೋಗಿ ಮರದ ನೆಲಕ್ಕೆ! ಒಂದು ಟವೆಲ್‌ನಲ್ಲಿ ಒರೆಸಿ ಬೇಸಿನ್‌ಗೆ ಹಿಂಡಿ, ಒರೆಸಿ ಹಿಂಡಿ, ಅರ್ಧ ಗಂಟೆ. ಹೊರಗೆ ಬಂದು ಹೇಳಿಬಿಟ್ಟೆ, ಅಡಗಿಸ್ಲಿಲ್ಲ. ಅವರು ಮಾಪ್ ತಂದು ಕೈಗೆ ಕೊಟ್ರು ಅಷ್ಟೆ. ಚೆಂಬು ಕೂಡ ಇರುದಿಲ್ಲ, ಒಂದು ಬಾಟ್ಲಿ ಇಟ್ಕೊ.

ಚಳಿಯಲ್ಲಿ ಅವರು ಕಿಟಕಿ ಪೂರ್ತಿ ತೆಗೆದು ಐದು–ಹತ್ತು ನಿಮಿಷ ಗಾಳಿ ಆಡಿಸ್ತಾರೆ, ನೀನು ಓಡಿಹೋಗಿ ಮುಚ್ಬೇಡ. ಭಾನುವಾರ ಅಂಗಡಿ ಇಲ್ಲ, ಬೇಕಾದ್ದು ಶನಿವಾರವೇ ತೆಗೊ.

ಮಣಿಪಾಲದಿಂದ:

ಸೂಟ್‌ಕೇಸ್ ಬಗ್ಗೆ ಯಾರೂ ಹೇಳ್ಲಿಲ್ಲ. ಭಾರತದಿಂದ ಹೋಗುವಾಗ ಹಾಲಿನ ಮತ್ತು ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವ ಹಾಗಿಲ್ಲ. ಪೇಡೆ, ತುಪ್ಪದ ಬಾಟ್ಲಿ ಮನೆಯಲ್ಲೇ ಇರಲಿ. ಕೊಬ್ಬರಿ ಇದ್ರೆ ಚೆಕ್-ಇನ್ ಬ್ಯಾಗಿಂದ ಈಗಲೇ ತೆಗೀರಿ, ಎಣ್ಣೆ ಅಂಶಕ್ಕೆ ಬೆಂಕಿ ಹಿಡೀತದೆ ಅಂತ ಬಿಡುದಿಲ್ಲ. ಹುರಿದ ಗೇರುಬೀಜ ಅರ್ಧ ಕಿಲೋ, ಕಾಫಿಪುಡಿ ಒಂದು ಪ್ಯಾಕೆಟ್, ಉಡುಗೊರೆಗೆ ಇಷ್ಟು ಸಾಕು. ನಾನು ಗಂಧದ ಮರದ ಆನೆ ಕೊಟ್ಟಿದ್ದೆ, ಪಾಪ ಅವರಿಗೆ ಅದನ್ನು ಎಲ್ಲಿಡುದು ಅಂತಲೇ ಗೊತ್ತಾಗ್ಲಿಲ್ಲ.

ಜೆಪ್ಪುವಿನಿಂದ:

ಅಜ್ಜ ಇದ್ದಾರೆ ಅಂದ್ಯಲ್ಲ, ನಿನ್ನ ಅದೃಷ್ಟ. ಊರಲ್ಲಿ ಹಳೆ ಹಂಚಿನ ಮನೆ ಇದ್ರೆ ಒಂದು ಹಂಚು ತಿರುಗಿಸಿ ನೋಡು. ಬಾಸೆಲ್ ಮಿಶನ್ ಮುದ್ರೆ ಸಿಕ್ಕಿದ್ರೆ ಫೋಟೊ ತೆಗೊಂಡು ಹೋಗು. ಮಂಗಳೂರಿನಲ್ಲಿ ಮಿಶನ್‌ನವರು ಹಂಚಿನ ಕಾರ್ಖಾನೆ ಸುರು ಮಾಡಿದ್ದು 1865ರಲ್ಲಿ. ಮಿಶನ್‌ನ ಕೇಂದ್ರ ಸ್ವಿಟ್ಜರ್ಲೆಂಡಿನ ಬಾಸೆಲ್, ಆದ್ರೆ ಇಲ್ಲಿಗೆ ಬಂದವರಲ್ಲಿ ತುಂಬಾ ಜನ ನೀನು ಹೋಗುವ ವ್ಯುರ್ಟೆಂಬರ್ಗ್ ಸೀಮೆಯವರೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಕೂಡ. ಕಿಟೆಲ್ ಹುಟ್ಟಿದ್ದು ಬೇರೆ ಕಡೆ, ಆದ್ರೆ 1894ರಲ್ಲಿ ಇಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗಿ, 1903ರಲ್ಲಿ ಅವರು ತೀರಿಕೊಂಡದ್ದು ನಿನ್ನ ಟ್ಯೂಬಿಂಗನ್‌ನಲ್ಲೇ! ನಾನಿದ್ದ ಮನೆಯ ಅಜ್ಜನಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಎಲ್‌ಕೆಜಿಯಷ್ಟು. ಹಂಚಿನ ಫೋಟೊ ತೋರಿಸಿದೆ. ಅವರು ಕನ್ನಡಕ ಹುಡುಕಿ ತಂದು, ಬೆರಳಲ್ಲಿ ಒಂದೊಂದೇ ಅಕ್ಷರ ಮುಟ್ಟಿ ಜೋರಾಗಿ ಓದಿದ್ರು. ಆಮೇಲೆ ಸಂಜೆವರೆಗೆ ನಮ್ಮಿಬ್ಬರದ್ದೇ ಪಂಚಾಯ್ತಿ.

ಕಟಪಾಡಿ ಅಕ್ಕನ ಮಾತಿಗೆ ಒಂದು ತಕರಾರು. ಎಲ್ಲ ಮನೆಯೂ ಹಾಗಿಲ್ಲ. ನನ್ನ ಆಂಟಿ ನಮ್ಮಮ್ಮನಿಗಿಂತ ಜಾಸ್ತಿ ಬಡಿಸ್ತಿದ್ರು.

ಶಂಕರಪುರದಿಂದ:

ನಾನು ಹೋದವಳಲ್ಲ, ಕರೆದವಳು. ನಮ್ಮಲ್ಲಿಗೆ ಎರಡು ವರ್ಷದ ಹಿಂದೆ ಒಬ್ಬ ಜರ್ಮನ್ ಹುಡುಗ ವಾರಾಂತ್ಯಕ್ಕೆ ಬಂದಿದ್ದ. ನಾವು ಕೃಷ್ಣಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ ಅಂತ ಗಂಟೆಗಂಟೆಗೆ ಪ್ಲಾನ್ ಹಾಕಿದ್ದು. ಮಳೆಗಾಲ, ದ್ವೀಪಕ್ಕೆ ಬೋಟೇ ಇಲ್ಲ. ಮತ್ತೆಂತ ಮಾಡುದು? ಅವನು ಜಗಲಿಯಲ್ಲಿ ನಮ್ಮತ್ತೆಯ ಎದುರು ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲಿಕ್ಕೆ ಕಲಿತ. ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ ಅಂತ ಲೆಕ್ಕವೂ ಕಲಿತ, ಆದ್ರೆ ಇಡೀ ಮಧ್ಯಾಹ್ನ ಕಟ್ಟಿದ್ದು ಒಂದು ಮೊಳ ಕೂಡ ಆಗ್ಲಿಲ್ಲ. ಅತ್ತೆ ಅದನ್ನು ಮಾರ್ಲಿಕ್ಕೆ ಕೊಡದೆ ದೇವರಿಗೆ ಹಾಕಿದ್ರು. ಈಗಲೂ ಅವನ ಸುದ್ದಿ ಬಂದ್ರೆ ಮಠದ್ದು ಯಾರಿಗೂ ನೆನಪಿಲ್ಲ, ಆ ಮಾಲೆಯದ್ದೇ ಮಾತು. ನೀನೂ ಅಲ್ಲಿ ಅವರು ಎಂತ ಮಾಡ್ತಾರೋ ಅದಕ್ಕೆ ಕೈ ಹಾಕು. ಒಂದು ಹೊತ್ತು ನೀನೇ ಅಡುಗೆ ಮಾಡು ಬೇಕಾದ್ರೆ.

ಕಟಪಾಡಿಯಿಂದ, ಮತ್ತೆ:

ಹೌದು, ನೀರುದೋಸೆ ಮಾಡು! ಅಕ್ಕಿ ನೆನೆಹಾಕ್ಲಿಕ್ಕೆ ಹೋಗ್ಬೇಡ, ಅವರ ಜ್ಯೂಸ್ ಮಿಕ್ಸಿಯಲ್ಲಿ ನುಣ್ಣಗೆ ಆಗುದಿಲ್ಲ. ನಂದು ರವೆಯ ಹಾಗೆ ಆಗಿ ಕಾವಲಿಯಿಂದ ಏಳ್ಲೇ ಇಲ್ಲ. ನಯವಾದ ಅಕ್ಕಿಹಿಟ್ಟು ತೆಗೊಂಡು ಹೋಗು, ತೆಂಗಿನಹಾಲಿನ ಡಬ್ಬ ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲೇ ಸಿಗ್ತದೆ. ಮೊದಲ ದೋಸೆ ಹಾಳಾಗ್ತದೆ, ಅದನ್ನು ನೀನೇ ತಿಂದುಬಿಡು. ಅವರಲ್ಲಿ ತೆಳು ದೋಸೆಯಂಥದ್ದನ್ನು ಸಪೂರ ಕತ್ತರಿಸಿ ಸೂಪಿಗೆ ಹಾಕುವ ‘ಫ್ಲೇಡ್ಲೆ’ ಉಂಟು. ನನ್ನ ಆಂಟಿ ನೀರುದೋಸೆ ನೋಡಿದವರೇ ಚಾಕು ತಂದ್ರು, ತಡೆಯುವಷ್ಟರಲ್ಲಿ ಎರಡು ದೋಸೆ ರಿಬ್ಬನ್ ಆಗಿತ್ತು.

ಕೇಳಿದವಳು, ಸುರತ್ಕಲ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಸೂಟ್‌ಕೇಸ್‌ನಲ್ಲಿ ಕೊಬ್ಬರಿ ಇತ್ತು, ಎರಡು ಕಿಲೋ! ಅಮ್ಮನಿಗೆ ಮಣಿಪಾಲದವರ ಮೇಲೆ ಸಿಟ್ಟು. ಹಂಚು ನೋಡ್ಲಿಕ್ಕೆ ನಾಳೆ ಅಜ್ಜಿ ಮನೆಗೆ ಹೋಗ್ತೇನೆ. ಮೊಟ್ಟೆ, ಮಾಂಸ, ಮೀನು ಬೇಡ ಅಂತ ಬಿಡಿಸಿ ಮೇಲ್ ಹಾಕಿದೆ, ಒಂದು ಗಂಟೆಯಲ್ಲಿ ಉತ್ತರ ಬಂತು. ಊಟದ್ದು ತೊಂದರೆ ಇಲ್ವಂತೆ, ಮನೆಯಲ್ಲಿ ದೊಡ್ಡ ನಾಯಿ ಉಂಟಂತೆ, ನಾನು ಮಲಗುವ ಕೋಣೆಯಲ್ಲೇ ಅದು ಮಲಗುದಂತೆ, ಪರವಾಗಿಲ್ವಾ ಅಂತ ಕೇಳಿದ್ದಾರೆ. ಇದಕ್ಕೂ ಮೊದಲ ಸಲವೇ ಬೇಡ ಅನ್ಬಹುದಾ?