ಪುಟ್ಟಿಗೆ, ಚಿನ್ನು ಬೋರ್ಡಿನ ವಿಚಾರ

ಪುಟ್ಟಿ, ನಿನ್ನ ಮೆಸೇಜು ಈಗ ನೋಡ್ದೆ ಕಣವ್ವ. ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಈಗ ಕೂತೆ. ಚಿನ್ನು ಮುಲ್ಕೀಲಿ ಸರ್ಫಿಂಗ್ ಕಲ್ತ, ರಾಮೇಶ್ವರಕ್ಕೆ ಹೋಗಿ ಕೈಟ್ ಸರ್ಫಿಂಗೂ ಕಲ್ತ, ಅದೇ ದೊಡ್ಡ ಗಾಳಿಪಟ ಎಳ್ಕೊಂಡು ಹೋಗುತ್ತಲ್ಲ ಆ ಆಟ, ಈಗ ಎರಡಕ್ಕೂ ಒಂದೇ ಬೋರ್ಡ್ ಸಾಕು ಅಂತ ಯಾರದೋ ಹಳೇ ಸರ್ಫ್ ಬೋರ್ಡಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದಾನೆ, ದೊಡ್ಡಪ್ಪ ಇದು ಸರಿನಾ, ಏನಾದ್ರೂ ಅಪಾಯ ಇದೆಯಾ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗೋಗುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಪೂರ್ತಿ ಕೇಳು. ಪಕ್ಕದಲ್ಲಿ ಕೂರಿಸ್ಕೊಂಡು ಚಿನ್ನೂಗೂ ಕೇಳ್ಸು.

ಬೋರ್ಡ್ ಒಂದಿರ್ಲಿ ಎರಡಿರ್ಲಿ, ಅದು ಆಮೇಲಿನ ಮಾತು. ಮೊದಲು ಇದು: ಕೈಟ್ ಹಿಡಿದಾಗ ಕಾಲಿಗೆ ಲೀಶ್, ಅಂದ್ರೆ ಬೋರ್ಡಿಗೂ ಕಾಲಿಗೂ ಸೇರಿಸೋ ದಾರ, ಕಟ್ಟಬಾರದು. ಸರ್ಫಿಂಗಲ್ಲಿ ಕಟ್ಟಲೇಬೇಕು, ಕಟ್ಟದಿದ್ರೆ ಬೋರ್ಡ್ ಹೋಗಿ ಇನ್ನೊಬ್ಬರ ಮಕ್ಕಳಿಗೆ ಬಡಿಯುತ್ತೆ. ಬೋರ್ಡ್ ಒಂದೇ ಆದಾಗ ಏನಾಗುತ್ತೆ ಅಂದ್ರೆ, ಬೆಳಿಗ್ಗೆ ಕಟ್ಟಿದ ಲೀಶು ಮಧ್ಯಾಹ್ನಾನೂ ಅದರಲ್ಲೇ ಇರುತ್ತೆ. ಅಪಾಯ ಅಲ್ಲಿದೆ.

ನನ್ನ ಎಡಗಡೆ ಹುಬ್ಬಿನ ಮೇಲಿನ ಗಾಯದ ಗುರುತು ನೀವೆಲ್ಲ ನೋಡೇ ಇದೀರಲ್ಲ. ಆಸ್ಟ್ರೇಲಿಯಾದ ಪರ್ತಲ್ಲಿದ್ದಾಗಿನದು. ಅಲ್ಲಿ ಬೇಸಿಗೇಲಿ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬರುತ್ತೆ, ಅಲೆ ಚೊಕ್ಕವಾಗಿ ಏಳುತ್ತೆ, ಟ್ರಿಗ್ ಬೀಚಲ್ಲಿ ಸರ್ಫಿಂಗು. ಮಧ್ಯಾಹ್ನ ಆಯ್ತು ಅಂದ್ರೆ ನೆಲ ಕಾದು ಸಮುದ್ರದ ತಂಪು ಗಾಳಿ ನುಗ್ಗುತ್ತೆ, ಫ್ರೀಮ್ಯಾಂಟಲ್ ಡಾಕ್ಟರ್ ಅಂತಾನೇ ಅದಕ್ಕೆ ಹೆಸರು. ಆಗ ಲೇಟನ್ ಬೀಚಲ್ಲಿ ಕೈಟು. ಒಂದೇ ದಿನ ಎರಡೂ ಆಟ, ಹಾಗಾಗಿ ನನಗೂ ಒಂದೇ ಬೋರ್ಡ್ ಸಾಕು ಅನ್ನಿಸಿತ್ತು. ಅಂಗಡಿಯವನು ತೆಳ್ಳಗಿನ ಸರ್ಫ್ ಬೋರ್ಡೊಂದು ಕೊಟ್ಟ, ಲೀಶನ್ನೂ ಕೊಟ್ಟ, ಎರಡಕ್ಕೂ ಇದನ್ನೇ ಕಟ್ಟಿಕೊ, ಬೋರ್ಡ್ ಕಳೆಯಲ್ಲ ಅಂತ ಹೇಳಿ ಕಳಿಸ್ದ.

ಗಾಳಿ ಚೆನ್ನಾಗಿತ್ತು. ತಿರುಗಿಸೋವಾಗ ಹಿಂದಿನ ಕಾಲು ಜಾರ್ತು, ಬಿದ್ದೆ. ನಾವು ಬಿದ್ದ ತಕ್ಷಣ ಕೈಟ್ ನಿಲ್ಲಲ್ಲ ಪುಟ್ಟಿ. ಇಪ್ಪತ್ತು ಮೀಟರ್ ದಾರದ ತುದೀಲಿ ಅದು ಹಾರ್ತಾನೇ ಇರುತ್ತೆ, ಎಳೀತಾನೇ ಇರುತ್ತೆ. ನಾನು ಮುಂದೆ ಹೋಗ್ತಿದೀನಿ, ಬೋರ್ಡ್ ನೀರಲ್ಲಿ ಅಡ್ಡಡ್ಡ ಸಿಕ್ಕೊಂಡು ಹಿಂದೆ ಉಳೀತು. ಕಾಲಿನ ಲೀಶು ಎಳೆದು ಎಳೆದು ತೆಳ್ಳಗಾಯ್ತು. ಬೋರ್ಡ್ ನೀರಿಂದ ಬಿಡಿಸಿಕೊಂಡಿದ್ದೇ ತಡ, ಕ್ಯಾಟರ್ ಬಿಲ್ಲಿಂದ ಬಿಟ್ಟ ಕಲ್ಲಿನ ಹಾಗೆ ಬಂತು. ಲೀಶ್ ಕಟ್ಟೋದು ಬೋರ್ಡಿನ ಬಾಲದಲ್ಲಿ, ಫಿನ್, ಅಂದ್ರೆ ತಳದ ರೆಕ್ಕೆ, ಇರೋದೂ ಬಾಲದಲ್ಲೇ. ಹಾಗಾಗಿ ಮೊದಲು ಬಂದು ಬಡಿಯೋದೇ ಫಿನ್ನು. ನಾನು ತಿರುಗಿ ನೋಡೋದಕ್ಕೂ ಅದು ಹುಬ್ಬಿಗೆ ಹೊಡೆಯೋದಕ್ಕೂ ಸರಿಹೋಯ್ತು. ರಕ್ತ, ಉಪ್ಪುನೀರು ಎರಡೂ ಕಣ್ಣಿಗೆ ಇಳೀತು, ದಡ ಯಾವ ಕಡೆ ಅಂತಾನೇ ತಿಳೀಲಿಲ್ಲ. ಕೈಟಿನ ಎಳೆತ ಬಿಡಿಸೋ ಕ್ವಿಕ್ ರಿಲೀಸ್ ಕೈಗೆ ಸಿಕ್ತು, ತಳ್ಳಿದೆ, ಕೈಟ್ ನೀರಿಗೆ ಬಿತ್ತು. ಯಾರೋ ಬಂದು ಎಳ್ಕೊಂಡು ಹೋದ್ರು, ಹೊಲಿಗೆ ಹಾಕ್ಸಿದ್ರು. ಒಂದಂಗುಲ ಕೆಳಗೆ ಬಿದ್ದಿದ್ರೆ ಕಣ್ಣೇ ಇರ್ತಿರ್ಲಿಲ್ಲ.

ಅದಕ್ಕೇ ಮತ್ತೆ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ: ಕೈಟ್ ಕಟ್ಟಿದ ಮೇಲೆ ಕಾಲಲ್ಲಿ ಲೀಶ್ ಇರಬಾರದು. ಸೊಂಟಕ್ಕೆ ಕಟ್ಟೋ ಹಾರ್ನೆಸ್ ಪಟ್ಟಿಯಿಂದ ಕೈಟಿಗೆ ಹೋಗೋ ಸೇಫ್ಟಿ ಲೀಶ್ ಬೇರೆ, ಅದು ಇರಲೇಬೇಕು, ಎರಡನ್ನೂ ಬೆರೆಸಬೇಡಿ. ಬೋರ್ಡ್ ತಪ್ಪಿ ಹೋದ್ರೆ ಏನು ಮಾಡೋದು ಅಂತ ಚಿನ್ನು ಕೇಳ್ತಾನೆ. ಬಾಡಿ ಡ್ರ್ಯಾಗ್ ಮಾಡ್ಕೊಂಡು ಹೋಗಿ ಹಿಡೀಬೇಕು. ಒಂದು ಕೈ ಮುಂದಕ್ಕೆ ಚಾಚಿ ನೀರಲ್ಲಿ ಆನಿಸಿ, ಇನ್ನೊಂದು ಕೈಲಿ ಕೈಟ್ ನಡೆಸ್ತಾ, ಗಾಳಿಗೆ ಎದುರು ಓರೆಯಾಗಿ ಆ ಕಡೆ ಈ ಕಡೆ ಹೋಗ್ತಾ ಬೋರ್ಡ್ ಹತ್ರ ಸೇರೋದು. ರಾಮೇಶ್ವರದಲ್ಲಿ ಅವನಿಗೆ ಇದನ್ನ ಕಲಿಸಿದಾರಾ ಕೇಳು. ಅದು ಬರದಿದ್ರೆ ಈಗಲೇ ಬೋರ್ಡ್ ಕೊಳ್ಳೋ ಅವಸರ ಬೇಡ.

ಬೋರ್ಡ್ ಅಂದಾಗ ನಂಗೆ ಇನ್ನೊಂದು ನೆನಪಾಗುತ್ತೆ, ಇವತ್ತು ಹೇಳೇಬಿಡ್ತೀನಿ. ಪರ್ತಿಂದ ಬರೋವಾಗ ಒಂದು ಒಳ್ಳೇ ಎಪಾಕ್ಸಿ ಬೋರ್ಡ್ ತಂದಿದ್ದೆ. ಮೈಸೂರಿನ ಮನೇಲಿ ಜಾಗ ಇಲ್ಲ ಅಂತ ಮಂಡ್ಯದ ಮನೆ ಅಟ್ಟದ ಮೇಲೆ ಇಟ್ಟಿದ್ದೆ, ಬ್ಯಾಗಲ್ಲಿ ಹಾಕಿ, ಬಿಸಿಲು ಬೀಳಬಾರದು ಅಂತ ಹೇಳಿ. ಯುಗಾದಿ ಆದ್ಮೇಲೆ ಬಂದು ನೋಡ್ತೀನಿ, ತಾರಸಿ ಮೇಲೆ ಎರಡು ಇಟ್ಟಿಗೆ ಮೇಲೆ ಮಲಗಿಸಿ, ಪಂಚೆ ಹಾಸಿ, ಸಂಡಿಗೆ ಇಟ್ಟಿದೀರಿ. ಕಾಲು ಜಾರದಿರ್ಲಿ ಅಂತ ಬಳಿದಿದ್ದ ವ್ಯಾಕ್ಸ್ ಬಿಸಿಲಿಗೆ ಕರಗಿ ಪಂಚೆ ತೊಯ್ದು ಸಂಡಿಗೆಗೆಲ್ಲ ಅಂಟಿತ್ತು. ಒಳಗಿನ ಫೋಮು ಬಿಸಿಗೆ ಉಬ್ಬಿ ಮೇಲಿನ ಪದರ ಹಪ್ಪಳ ಎದ್ದಂಗೆ ಎದ್ದಿತ್ತು, ಒತ್ತಿದ್ರೆ ಒಳಗೆ ಹೋಗ್ತಿತ್ತು. ಮತ್ತೆ ನೀರಿಗೆ ಇಳಿಸೋ ಹಾಗೇ ಇರ್ಲಿಲ್ಲ. ಕೇಳಿದ್ರೆ ನಿಮ್ಮಮ್ಮ, ಹಲಗೆ ತಾನೇ ಭಾವ, ಇನ್ನೊಂದು ತಗೊಳ್ಳಿ ಅಂದ್ಲು. ಅವಳಿಗೆ ಗೊತ್ತಿರ್ಲಿಲ್ಲ, ಅವಳ ಮೇಲೆ ಕೋಪ ಇಲ್ಲ. ಆದ್ರೆ ನನ್ನ ತಮ್ಮನಿಗೆ ಗೊತ್ತಿತ್ತು. ಒಂದು ಫೋನ್ ಮಾಡಿ ಕೇಳಬಹುದಿತ್ತು. ಈ ವಯಸ್ಸಲ್ಲಿ ಇವನಿಗೆ ಯಾಕೆ ನೀರಾಟ ಅಂತ ಮದುವೆಮನೆಗಳಲ್ಲೆಲ್ಲ ಮಾತಾಡಿದ್ರಿ. ಈಗ ನೋಡಿ, 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಎರಡೂ ಇತ್ತು. ಸರ್ಫಿಂಗ್ ಟಹೀಟೀಲಿ, ಕೈಟು ಮಾರ್ಸೇಲಲ್ಲಿ. ಒಳ್ಳೇ ಅಲೆ ಒಂದು ಕಡೆ, ಒಳ್ಳೇ ಗಾಳಿ ಇನ್ನೊಂದು ಕಡೆ ಅಂತ ಅವರೇ ಎರಡು ಸಮುದ್ರಕ್ಕೆ ಹೋದ್ರು.

ಅಯ್ಯೋ, ಯಾವ ಬೋರ್ಡ್ ತಗೋಬೇಕು ಅಂತ ಹೇಳ್ಲೇ ಇಲ್ಲ ನಾನು.

ಚಿನ್ನು ನೋಡಿರೋ ಆ ಹಳೇ ಸರ್ಫ್ ಬೋರ್ಡ್ ಹಗುರದ್ದಾದ್ರೆ ಬೇಡ. ಸರ್ಫಿಂಗಲ್ಲಿ ಅಲೆ ತಳ್ಳುತ್ತೆ, ಕಾಲಿನ ಭಾರ ಆಗಾಗ ಬೀಳುತ್ತೆ. ಕೈಟಲ್ಲಿ ಪಕ್ಕಕ್ಕೆ ಎಳೆತ ಇರೋದ್ರಿಂದ ಹಿಂದಿನ ಹಿಮ್ಮಡಿ ಒಂದೇ ಜಾಗವನ್ನ ಸದಾ ಒತ್ತುತ್ತೆ. ಗ್ಲಾಸಿಂಗ್, ಅಂದ್ರೆ ಮೇಲಿನ ಫೈಬರ್ ಗ್ಲಾಸ್ ಪದರ, ತೆಳುವಾಗಿದ್ರೆ ಅಲ್ಲಿ ಕುಳಿ ಬೀಳುತ್ತೆ, ಆಮೇಲೆ ಬಿರುಕು, ಅದರೊಳಗೆ ನೀರು. ರಾಮೇಶ್ವರದಲ್ಲಿ ಕೊಡ್ತಾರಲ್ಲ, ಎರಡೂ ತುದಿ ಒಂದೇ ಥರ ಇರೋ ಟ್ವಿನ್ ಟಿಪ್, ಅದೂ ಎರಡಕ್ಕಾಗಲ್ಲ. ಅದಕ್ಕೆ ತೇಲೋ ಶಕ್ತಿ ಇಲ್ಲ, ಅದರ ಮೇಲೆ ಮಲಗಿ ಕೈ ಹೊಡೆದು ಅಲೆ ಹಿಡಿಯೋಕಾಗಲ್ಲ.

ಒಂದೇ ಬೇಕು ಅಂದ್ರೆ, ಅಲೇಲಿ ಕೈಟ್ ಮಾಡೋರಿಗೆ ಅಂತಾನೇ ಗಟ್ಟಿ ಗ್ಲಾಸಿಂಗ್ ಹಾಕಿ ಮಾಡಿರೋ ಡೈರೆಕ್ಷನಲ್ ಬೋರ್ಡ್, ಅಂದ್ರೆ ಮೂತಿ ಬೇರೆ ಬಾಲ ಬೇರೆ ಇರೋದು, ತಗೊಳ್ಳಿ. ಅದರಲ್ಲೂ ಚಿಕ್ಕದು ಬೇಡ. ಬೋರ್ಡಿನ ಗಾತ್ರ ಲೀಟರಲ್ಲಿ ಹೇಳ್ತಾರೆ; ಬರೀ ಕೈಟಿಗೆ 25 ಲೀಟರ್ ಆಸುಪಾಸು ಇದ್ರೂ ನಡೆಯುತ್ತೆ, ಚಿನ್ನು ತೂಕಕ್ಕೆ ಮುಲ್ಕಿ ಅಲೇಲಿ ಪ್ಯಾಡಲ್ ಮಾಡ್ಬೇಕು ಅಂದ್ರೆ 30ಕ್ಕಿಂತ ಮೇಲಿರ್ಬೇಕು, ಉದ್ದ 6 ಅಡಿ ಹತ್ರ. ಪಾದಕ್ಕೆ ಸ್ಟ್ರ್ಯಾಪ್ ಬೇಡ, ಸ್ಕ್ರೂ ಹಾಕೋ ತೂತು ಇದ್ರೆ ಇರ್ಲಿ. ಸರ್ಫಿಂಗಲ್ಲಿ ಇನ್ನೂ ಎದ್ದು ನಿಲ್ಲೋದೇ ಕಷ್ಟ ಅನ್ನೋ ಹಾಗಿದ್ರೆ, ಅಲ್ಲೀವರೆಗೂ ಮುಲ್ಕಿ ಸ್ಕೂಲಿನ ದೊಡ್ಡ ಫೋಮ್ ಬೋರ್ಡನ್ನೇ ಬಾಡಿಗೆಗೆ ತಗೋಳ್ಳಿ. ಅದರಲ್ಲಿ ಕಲಿಯೋದೇ ಬೇಗ.

ಹಳೇದು ತಗೊಳ್ಳೋದಾದ್ರೆ ಹಿಮ್ಮಡಿ ಬೀಳೋ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ ನೋಡ್ಲಿ, ಮೆತ್ತಗಿದ್ರೆ ಬಿಟ್ಟು ಬರ್ಲಿ. ಫಿನ್ ಕೂರೋ ಜಾಗದ ಸುತ್ತ ಬಿರುಕು, ಒಳಗೆ ಹಳದಿ ಕಲೆ ಇದ್ರೂ ಬೇಡ. ತರೋವಾಗ ಫಿನ್ ಬಿಚ್ಚಿ ಬ್ಯಾಗಲ್ಲಿ ಹಾಕಿ, ಕ್ಯಾರಿಯರಿಗೆ ಮೆತ್ತೆ ಕೊಟ್ಟು ಕಟ್ಟಬೇಕು, ಸಂಪಾಜೆ ಘಾಟಲ್ಲಿ ಕುಲುಕಾಟ ಜಾಸ್ತಿ. ಊಟಕ್ಕೆ ನಿಲ್ಲಿಸಿದಾಗ ಬಿಸಿಲಲ್ಲಿ ಬಿಡಬೇಡಿ.

ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೇ? ಆ ಮಾರೋನ ಹತ್ರ ಬೋರ್ಡಿನ ಎರಡೂ ಕಡೆ ಫೋಟೋ, ತಳದಲ್ಲಿ ಅಳತೆ ಬರೆದಿರ್ತಾರಲ್ಲ ಅದರ ಫೋಟೋ ತರಿಸಿ ನಂಗೆ ಕಳ್ಸು. ನೋಡಿ ಹೇಳ್ತೀನಿ.