ಒಂದು ಸಲ ಕೊಟ್ಟರೆ ಅದು ಪೂರ್ವನಿದರ್ಶನ ಆಯ್ತಾ?

ದೇವನಗರಿಯವಳು: ದಾವಣಗೆರೆಯಲ್ಲಿ ನಮ್ಮ ಬಡಾವಣೆ ಸಂಘಕ್ಕೆ ಒಂದು ಹಾಲ್ ಇದೆ. 2021ರಲ್ಲಿ ಒಂದು ಮನೆಯವರಿಗೆ ತಿಥಿ ಊಟಕ್ಕೆ ಬಾಡಿಗೆ ಇಲ್ಲದೆ ಕೊಟ್ಟರು. ಈಗ ಮೊಮ್ಮಗನ ನಾಮಕರಣಕ್ಕೆ ನಾನು ಹಾಗೇ ಕೇಳಿದರೆ ಕಾರ್ಯದರ್ಶಿ ಒಪ್ಪುತ್ತಿಲ್ಲ. ರಸೀದಿ ಪುಸ್ತಕದಲ್ಲಿ "ಬಾಡಿಗೆ: ಇಲ್ಲ" ಅಂತ ಅವರದೇ ಕೈಬರಹ ಇದೆ, ಕೆಳಗೆ ಸಹಿ. ಫೋಟೊ ಇಟ್ಟುಕೊಂಡಿದ್ದೇನೆ. ಇದು ಪೂರ್ವನಿದರ್ಶನ, ಅಂದರೆ ಮುಂದಿನವರಿಗೂ ಅನ್ವಯಿಸುವ ಹಿಂದಿನ ತೀರ್ಮಾನ, ಅಲ್ವಾ?

ಕೋರ್ಟ್ ಗುಮಾಸ್ತ: ಅಲ್ಲ ಅಕ್ಕ. ಹಿಂದಿನ ಕೇಸಿನಲ್ಲಿ ಯಾರು ಗೆದ್ದರು ಅನ್ನುವುದಲ್ಲ, ಯಾವ ಕಾರಣಕ್ಕೆ ಗೆದ್ದರು ಅನ್ನುವುದು ಮುಖ್ಯ. ಆ ಕಾರಣವೇ ಮುಂದಿನ ಕೇಸನ್ನು ಕಟ್ಟಿಹಾಕುವುದು. ತೀರ್ಪಿನಲ್ಲಿ ಮಾತಿನ ಮಧ್ಯೆ ಹಾಗೇ ಹೇಳಿಹೋದದ್ದಕ್ಕೆ ಆ ಬಲ ಇಲ್ಲ. ಸಾವಿನ ಮನೆಗೆ ಕನಿಕರದಿಂದ ಕೊಟ್ಟದ್ದು ನಾಮಕರಣಕ್ಕೆ ಹೇಗೆ ಒಗ್ಗುತ್ತೆ?

ಬೆಣ್ಣೆದೋಸೆ: "ಕಟ್ಟಿಹಾಕುವುದು" ಅಂದ್ರಲ್ಲ, ಸುಪ್ರೀಂ ಕೋರ್ಟೇ ತನ್ನ ಮಾತಿಗೆ ಕಟ್ಟುಬಿದ್ದಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂದಿತು. ಎಡಿಎಂ ಜಬಲ್‌ಪುರ ಕೇಸು. 2017ರಲ್ಲಿ ಪುಟ್ಟಸ್ವಾಮಿ ಕೇಸಿನಲ್ಲಿ ಅದನ್ನೇ ತಳ್ಳಿಹಾಕಿತು.

ಕೋರ್ಟ್ ಗುಮಾಸ್ತ: ತಳ್ಳಿಹಾಕಿದ್ದು ಒಂಬತ್ತು ಜನರ ಪೀಠ. ಮೊದಲಿನದು ಐದು ಜನರದ್ದು. ಕೆಳಗಿನ ಕೋರ್ಟುಗಳಿಗೆ ಆ ಅಧಿಕಾರ ಇಲ್ಲ. ಸಂವಿಧಾನದ 141ನೇ ವಿಧಿ ಓದಿ ಬನ್ನಿ.

ದುರ್ಗದ ಮೇಷ್ಟ್ರು: ಪೂರ್ವನಿದರ್ಶನ ಅನ್ನುವ ಪದವೇ ಯಾಕೆ? ನಮ್ಮಲ್ಲಿ ಮೇಲ್ಪಂಕ್ತಿ ಇದೆ. ಕಾಪಿ ಪುಸ್ತಕದಲ್ಲಿ ಮೊದಲ ಸಾಲನ್ನು ನಾನು ದುಂಡಗೆ ಬರೆದುಕೊಡುತ್ತಿದ್ದೆ. ಮಕ್ಕಳು ಅದನ್ನು ನೋಡಿಕೊಂಡು ಪುಟದ ಕೊನೆವರೆಗೂ ಬರೆಯುತ್ತಿದ್ದರು. ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗುತ್ತಾ?

ಬೆಣ್ಣೆದೋಸೆ: ಮೇಷ್ಟ್ರೇ, ಮೇಲ್ಪಂಕ್ತಿ ಅಂದರೆ ಒಳ್ಳೆಯ ಮಾದರಿ. 1976ರ ತೀರ್ಪನ್ನು ಮೇಲ್ಪಂಕ್ತಿ ಅಂತೀರಾ?

ದುರ್ಗದ ಮೇಷ್ಟ್ರು: "ಕೆಟ್ಟ ಮೇಲ್ಪಂಕ್ತಿ" ಅನ್ನುವ ಮಾತು ಕೇಳಿಲ್ವಾ? ಮೇಲಿನ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಮಗು ಹತ್ತು ಸಾಲಲ್ಲೂ ಅದೇ ತಪ್ಪು ಮಾಡುತ್ತೆ. ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ ಸಾಕಾಗಿದೆ ನನಗೆ.

ಬೆಣ್ಣೆದೋಸೆ: "ಕೆಟ್ಟ" ಅಂತ ಮುಂದೆ ಸೇರಿಸಬೇಕಾಯ್ತು ಅಂದರೆ ಬರೀ ಪದಕ್ಕೆ ಒಳ್ಳೆಯ ಅರ್ಥವೇ ಇದೆ ಅಂತ ಆಯ್ತಲ್ಲ.

ದುರ್ಗದ ಮೇಷ್ಟ್ರು: ಕೆಟ್ಟ ಹಾಲು ಅಂತೀವಿ. ಹಾಲು ಅಂದರೆ ಒಳ್ಳೆಯದು ಅಂತಲೇ ಅರ್ಥವಾ? ಸುಮ್ನೆ ವಾದಕ್ಕೆ ವಾದ ಮಾಡಬೇಡಿ. ಮೂವತ್ತು ವರ್ಷ ಕನ್ನಡ ಕಲಿಸಿದ್ದೇನೆ.

ಬೆಣ್ಣೆದೋಸೆ: ವರ್ಷ ಎಣಿಸಬೇಡಿ ಸಾರ್, ಉತ್ತರ ಕೊಡಿ.

ಹಳೇ ಪೇಟೆ: ನಮ್ಮ ಕಡೆ ಇದಕ್ಕೆ ವಾಡಿಕೆ ಅನ್ನುತ್ತಾರೆ. ಮಾಮೂಲು ಅಂತಲೂ ಅನ್ನುತ್ತಿದ್ದರು, ಈಗ ಆ ಪದ ಲಂಚಕ್ಕೆ ಹೋಗಿಬಿಟ್ಟಿದೆ.

ಕೋರ್ಟ್ ಗುಮಾಸ್ತ: ವಾಡಿಕೆಯೇ ಬೇರೆ. ಅದಕ್ಕೆ ಬಹಳ ವರ್ಷ ನಡೆದುಕೊಂಡು ಬಂದಿರಬೇಕು. ಪೂರ್ವನಿದರ್ಶನಕ್ಕೆ ಒಂದೇ ಸಾಕು.

ದೇವನಗರಿಯವಳು: "ಒಂದೇ ಸಾಕು"! ನೀವೇ ಹೇಳಿದಿರಿ.

ಕೋರ್ಟ್ ಗುಮಾಸ್ತ: ಒಂದು ತೀರ್ಪು ಸಾಕು ಅಂದೆ. ರಸೀದಿ ತೀರ್ಪಲ್ಲ. ಕಾರಣ ಎಲ್ಲಿ ಬರೆದಿದ್ದಾರೆ ಅದರಲ್ಲಿ?

ದೇವನಗರಿಯವಳು: ಬರೆದಿಲ್ಲ. ಹಾಗಾದರೆ ಕನಿಕರ ಅನ್ನುವುದು ಎಲ್ಲಿಂದ ಬಂತು? ಅದು ನೀವು ಸೇರಿಸಿದ್ದು. ಕಾರಣ ಬರೆಯದೆ ಬಿಟ್ಟಿದ್ದು ಅವರು, ಬಾಡಿಗೆ ಕಟ್ಟಬೇಕಾದವಳು ನಾನಾ?

ಕೋರ್ಟ್ ಗುಮಾಸ್ತ: ತಿಥಿ ಅಂದಮೇಲೆ ಬೇರೆ ಯಾವ ಕಾರಣ ಇರುತ್ತೆ?

ದುರ್ಗದ ಮೇಷ್ಟ್ರು: ಕೆಟ್ಟ ಹಾಲಿನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ದೇವನಗರಿಯವಳು: ಭಾನುವಾರ ಸಂಘದ ಸಭೆ ಇದೆ. ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ.